ಯಾರು ಕರೆದರು, ಯಾರನ್ನು ಕರೆದರು: ಇಂಗ್ಲಿಷಿನಲ್ಲಿ ಕರ್ತೃವನ್ನೂ ಕರ್ಮವನ್ನೂ ಕೇಳುವ ಬಗೆ

ಕೊಪ್ಪಳದಲ್ಲಿ ನಾನು ಸಂಜೆಯ ಹೊತ್ತು ನಡೆಸುವ ಇಂಗ್ಲಿಷ್ ತರಗತಿಗೆ ಡಿಪ್ಲೊಮಾ ಮುಗಿಸಿದ ಹುಡುಗನೊಬ್ಬ ಬರುತ್ತಿದ್ದ. ಎರಡು ವರ್ಷ ದುಡಿದ ಅನುಭವವಿದ್ದ ಅವನು ಬಳ್ಳಾರಿಯ ಹತ್ತಿರದ ಕಾರ್ಖಾನೆಯೊಂದಕ್ಕೆ ಸಂದರ್ಶನಕ್ಕೆ ಹೋದಾಗ, ಎದುರಿಗೆ ಕೂತವರು "ಹೂ ರಿಪೋರ್ಟ್ಸ್ ಟು ಯು?" ಎಂದು ಕೇಳಿದರಂತೆ. ಇವನು ಹಿಂದೆಮುಂದೆ ನೋಡದೆ "ಪ್ಲಾಂಟ್ ಮ್ಯಾನೇಜರ್" ಎಂದುಬಿಟ್ಟ. ಕೇಳಿದ್ದು 'ನಿಮ್ಮ ಕೈಕೆಳಗೆ ಯಾರಿದ್ದಾರೆ' ಎಂದು. ಇವನಿಗೆ ತಿಳಿದದ್ದು 'ನೀವು ಯಾರ ಕೈಕೆಳಗಿದ್ದೀರಿ' ಎಂದು. ಎರಡನೆಯದನ್ನು ಕೇಳಬೇಕಿದ್ದರೆ ಅವರು "ಹೂ ಡು ಯು ರಿಪೋರ್ಟ್ ಟು?" ಎನ್ನುತ್ತಿದ್ದರು. ಪ್ಲಾಂಟ್ ಮ್ಯಾನೇಜರನ್ನೇ ತನ್ನ ಕೈಕೆಳಗಿನವನನ್ನಾಗಿ ಮಾಡಿಕೊಂಡ ಉತ್ತರಕ್ಕೆ ಅಲ್ಲಿದ್ದವರೆಲ್ಲ ನಕ್ಕರು. ಹುಡುಗನ ಶಬ್ದಸಂಪತ್ತಿನಲ್ಲಿ ಕೊರತೆಯಿರಲಿಲ್ಲ. ಒಂದು ಪುಟ್ಟ "ಡು" ಇದ್ದರೆ ಏನಾಗುತ್ತದೆ, ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ಅವನಿಗೆ ಯಾರೂ ಬಿಡಿಸಿ ಹೇಳಿರಲಿಲ್ಲ.

ಈ ಲೇಖನದಲ್ಲಿ ಇಂಗ್ಲಿಷ್ ವಾಕ್ಯಗಳನ್ನೂ ಕನ್ನಡ ಅಕ್ಷರಗಳಲ್ಲೇ ಬರೆದಿದ್ದೇನೆ. ಓದುವವರು ಅವನ್ನು ತಮ್ಮ ನೋಟುಪುಸ್ತಕದಲ್ಲಿ ಇಂಗ್ಲಿಷ್ ಕಾಗುಣಿತದಲ್ಲಿ ಬರೆದುಕೊಂಡು ಮುಂದುವರಿದರೆ ಹೆಚ್ಚು ಉಪಯೋಗವಾಗುತ್ತದೆ. ಇಲ್ಲಿ "ಹೂ" ಎಂದು ಬಂದಲ್ಲೆಲ್ಲ ಅದು ಮುಡಿಯುವ ಹೂವಲ್ಲ, 'ಯಾರು' ಎಂಬ ಅರ್ಥದ ಇಂಗ್ಲಿಷ್ ಪದ. ತರಗತಿಯಲ್ಲಿ ಮೊದಲ ದಿನ ಈ ನಗೆಯನ್ನು ಮುಗಿಸಿಕೊಂಡೇ ನಾವು ಪಾಠಕ್ಕೆ ಇಳಿಯುತ್ತೇವೆ.

ಮೊದಲನೆಯ ಹೆಜ್ಜೆ: ಪ್ರಶ್ನೆಗಿಂತ ಮುಂಚೆ ಉತ್ತರವನ್ನು ಬರೆಯಿರಿ

ಪ್ರಶ್ನೆಯನ್ನು ನೇರವಾಗಿ ಕಟ್ಟಲು ಹೋದರೆ ಪದಗಳು ಕಲಸಿಹೋಗುತ್ತವೆ. ಅದರ ಬದಲು, ನಿಮಗೆ ಬರಬೇಕಾದ ಉತ್ತರವನ್ನು ಪೂರ್ಣ ವಾಕ್ಯವಾಗಿ ಬರೆದು, ಗೊತ್ತಿಲ್ಲದ ಭಾಗದ ಕೆಳಗೆ ಗೆರೆ ಎಳೆಯಿರಿ. ಎಸ್‌ಎಸ್‌ಎಲ್‌ಸಿ ಇಂಗ್ಲಿಷ್ ಪ್ರಶ್ನೆಪತ್ರಿಕೆಯಲ್ಲಿ ಅಡಿಗೆರೆ ಎಳೆದ ಪದವೇ ಉತ್ತರವಾಗಿ ಬರುವಂತೆ ಪ್ರಶ್ನೆ ರಚಿಸಲು ಕೇಳುವುದುಂಟು. ಆ ಅಂಕಕ್ಕಾಗಿ ಮಾಡುವ ಅಭ್ಯಾಸವೇ ಜೀವನದುದ್ದಕ್ಕೂ ಕೆಲಸಕ್ಕೆ ಬರುವ ಅಭ್ಯಾಸ.

ನಮ್ಮ ಸೀಮೆಯ ಚರಿತ್ರೆಯಿಂದಲೇ ಒಂದು ವಾಕ್ಯವನ್ನು ತೆಗೆದುಕೊಳ್ಳೋಣ. ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ದೋಆಬಿಗಾಗಿ ವಿಜಯನಗರಕ್ಕೂ ಬಿಜಾಪುರಕ್ಕೂ ನಡೆದ ಹೋರಾಟಗಳಲ್ಲಿ ಹೆಸರಾದದ್ದು 1520ರ ರಾಯಚೂರು ಯುದ್ಧ. ಅದರಲ್ಲಿ ಕೃಷ್ಣದೇವರಾಯನು ಇಸ್ಮಾಯಿಲ್ ಆದಿಲ್ ಶಾನನ್ನು ಸೋಲಿಸಿದನು. ಇಂಗ್ಲಿಷಿನಲ್ಲಿ: "ಕೃಷ್ಣದೇವರಾಯ ಡಿಫೀಟೆಡ್ ಆದಿಲ್ ಶಾ." ಮೂರೇ ತುಂಡುಗಳ ಈ ವಾಕ್ಯದಲ್ಲಿ ಗೆದ್ದವನು ಯಾರು, ಸೋತವನು ಯಾರು ಎಂಬುದನ್ನು ತಿಳಿಸುವ ಪ್ರತ್ಯಯ ಯಾವುದೂ ಇಲ್ಲ. ಕ್ರಿಯಾಪದದ ಎಡಕ್ಕಿರುವವನು ಗೆದ್ದ, ಬಲಕ್ಕಿರುವವನು ಸೋತ, ಅಷ್ಟೆ. ಹೆಸರುಗಳನ್ನು ಅದಲುಬದಲು ಮಾಡಿದರೆ ಯುದ್ಧದ ಫಲಿತಾಂಶವೇ ತಿರುಗುಮುರುಗಾಗುತ್ತದೆ. ಕನ್ನಡದಲ್ಲಿ ಹಾಗಲ್ಲ, 'ಆದಿಲ್ ಶಾನನ್ನು ಕೃಷ್ಣದೇವರಾಯನು ಸೋಲಿಸಿದನು' ಎಂದು ಕರ್ಮವನ್ನು ಮುಂದಕ್ಕೆ ತಂದರೂ 'ಅನ್ನು' ಎಂಬ ದ್ವಿತೀಯಾ ವಿಭಕ್ತಿಯು ಸೋತವನನ್ನು ಬಿಟ್ಟು ಕದಲುವುದಿಲ್ಲ. ನಾವು ಪ್ರತ್ಯಯದಿಂದ ತಿಳಿಯುವುದನ್ನು ಇಂಗ್ಲಿಷಿನವರು ಜಾಗದಿಂದ ತಿಳಿಯುತ್ತಾರೆ ಎಂಬ ಈ ಒಂದು ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡರೆ ಮುಂದಿನದೆಲ್ಲ ಅದರಿಂದಲೇ ಹುಟ್ಟುತ್ತದೆ.

ಎರಡನೆಯ ಹೆಜ್ಜೆ: ಅದೇ ಪ್ರಶ್ನೆಯನ್ನು ಕನ್ನಡದಲ್ಲಿ ಕೇಳಿಕೊಳ್ಳಿರಿ

ಗೆರೆ ಎಳೆದ ಭಾಗ 'ಕೃಷ್ಣದೇವರಾಯ' ಆಗಿದ್ದರೆ ಕನ್ನಡದ ಪ್ರಶ್ನೆ 'ಆದಿಲ್ ಶಾನನ್ನು ಯಾರು ಸೋಲಿಸಿದರು?' ಎಂದಾಗುತ್ತದೆ. ಗೆರೆ ಎಳೆದ ಭಾಗ 'ಆದಿಲ್ ಶಾ' ಆಗಿದ್ದರೆ 'ಕೃಷ್ಣದೇವರಾಯನು ಯಾರನ್ನು ಸೋಲಿಸಿದನು?' ಎಂದಾಗುತ್ತದೆ. 'ಯಾರು' ಎಂದು ಬಂದರೆ ಅದು ಕರ್ತೃವನ್ನು ಹುಡುಕುವ ಪ್ರಶ್ನೆ, 'ಯಾರನ್ನು' ಎಂದು ಬಂದರೆ ಕರ್ಮವನ್ನು ಹುಡುಕುವ ಪ್ರಶ್ನೆ. ಮನೆಯಲ್ಲಿ 'ಯಾರ್ ಕರದ್ರು?' ಎನ್ನುವುದಕ್ಕೂ 'ಯಾರ್ನ ಕರದ್ರಿ?' ಎನ್ನುವುದಕ್ಕೂ ಇರುವ ವ್ಯತ್ಯಾಸ ಮೂರು ವರ್ಷದ ಮಗುವಿಗೂ ಗೊತ್ತು. ಹಾಗಾಗಿ ವ್ಯಾಕರಣದ ಪಾರಿಭಾಷಿಕ ಪದಗಳಿಗೆ ಹೆದರುವ ಅಗತ್ಯವಿಲ್ಲ. ಕಿವಿಗೆ ಗೊತ್ತಿರುವುದನ್ನೇ ಕೈಗೆ ದಾಟಿಸಬೇಕಾಗಿದೆ.

ಮೂರನೆಯ ಹೆಜ್ಜೆ: ಕರ್ತೃವನ್ನು ಕೇಳುವಾಗ ಏನನ್ನೂ ಸೇರಿಸಬೇಡಿರಿ

ಕರ್ತೃಪ್ರಶ್ನೆ ಎಷ್ಟು ಸುಲಭವೆಂದರೆ, ಆ ಸುಲಭತೆಯೇ ಅನುಮಾನ ಹುಟ್ಟಿಸಿ ವಿದ್ಯಾರ್ಥಿಗಳನ್ನು ದಾರಿ ತಪ್ಪಿಸುತ್ತದೆ. ಕರ್ತೃವನ್ನು ಅಳಿಸಿ, ಅದೇ ಜಾಗದಲ್ಲಿ "ಹೂ" ಬರೆದು, ಕೊನೆಗೆ ಪ್ರಶ್ನಾರ್ಥಕ ಚಿಹ್ನೆ ಹಾಕಿದರೆ ಮುಗಿಯಿತು: "ಹೂ ಡಿಫೀಟೆಡ್ ಆದಿಲ್ ಶಾ?" ಕ್ರಿಯಾಪದವನ್ನು ಮುಟ್ಟಬಾರದು. ಆದರೆ 'ಪ್ರಶ್ನೆಯೆಂದರೆ ಡಿಡ್ ಇರಲೇಬೇಕು' ಎಂದು ಎಳವೆಯಲ್ಲೇ ಬಾಯಿಪಾಠ ಮಾಡಿಕೊಂಡವರು "ಹೂ ಡಿಡ್ ಡಿಫೀಟ್ ಆದಿಲ್ ಶಾ?" ಎಂದು ಬರೆಯುತ್ತಾರೆ. ಎಲ್ಲರೂ ಅಲ್ಲಗಳೆದ ಮೇಲೆ 'ಹಾಗಾದರೆ ಸೋಲಿಸಿದವರಾದರೂ ಯಾರು?' ಎಂದು ಒತ್ತಿ ಕೇಳುವ ಸಂದರ್ಭದಲ್ಲಿ ಮಾತ್ರ ಅದು ಸಲ್ಲುತ್ತದೆ. ಸಾಮಾನ್ಯ ಪ್ರಶ್ನೆಯಲ್ಲಿ ಸಲ್ಲುವುದಿಲ್ಲ. ಹಾಗೆಯೇ 'ಏನಾಯಿತು?' ಎನ್ನುವುದಕ್ಕೆ "ವಾಟ್ ಹ್ಯಾಪನ್ಡ್?" ಎಂದೇ ಹೇಳಬೇಕು. "ವಾಟ್ ಡಿಡ್ ಹ್ಯಾಪನ್ಡ್?" ಎಂಬುದಂತೂ ಯಾವ ಸಂದರ್ಭದಲ್ಲೂ ಸರಿಯಲ್ಲ.

ಇಲ್ಲಿ ಕನ್ನಡಿಗರಿಗೇ ವಿಶೇಷವಾದ ಒಂದು ತೊಡಕಿದೆ. ನಮ್ಮ 'ಯಾರು' ಎಂಬುದು ಸಾಮಾನ್ಯವಾಗಿ ಬಹುವಚನದ ಕ್ರಿಯಾಪದವನ್ನೇ ಕೇಳುತ್ತದೆ: ಯಾರು ಕಲಿಸುತ್ತಾರೆ, ಯಾರು ಬಂದರು. ಆ ರೂಢಿಯಿಂದ "ಹೂ ಟೀಚ್ ಯು ಮ್ಯಾಥ್ಸ್?" ಎಂದು ಬರೆದುಬಿಡುತ್ತೇವೆ. ಇಂಗ್ಲಿಷಿನ "ಹೂ" ಕರ್ತೃವಾಗಿ ನಿಂತಾಗ ವರ್ತಮಾನಕಾಲದಲ್ಲಿ ಏಕವಚನವನ್ನೇ ಬಯಸುವುದರಿಂದ "ಹೂ ಟೀಚಸ್ ಯು ಮ್ಯಾಥ್ಸ್?" ಎಂಬುದೇ ಸರಿ. ಉತ್ತರದಲ್ಲಿ ಹತ್ತು ಮಂದಿ ಬಂದರೂ, "ಹೂ ಲಿವ್ಸ್ ಇನ್ ದಿಸ್ ಹೌಸ್?" ಎಂದೇ ಕೇಳಬೇಕು.

ನಾಲ್ಕನೆಯ ಹೆಜ್ಜೆ: ಕರ್ಮವನ್ನು ಕೇಳುವಾಗ ಸುಂಕ ಕಟ್ಟಿರಿ

ಕನ್ನಡದಲ್ಲಿ ಪ್ರಶ್ನೆಯ ಪದವು ಉತ್ತರ ಕೂರುವ ಜಾಗದಲ್ಲೇ ಕೂರುತ್ತದೆ. ಇಂಗ್ಲಿಷಿನಲ್ಲಿ ಅದು ವಾಕ್ಯದ ತಲೆಗೆ ಬರಬೇಕು. ಕರ್ತೃ ಮೊದಲೇ ತಲೆಯಲ್ಲಿ ಇರುವುದರಿಂದ ಅದು ಕದಲಬೇಕಾಗಿಲ್ಲ. ಕರ್ಮವಾದರೋ ಕ್ರಿಯಾಪದದ ಬಲಗಡೆಯಿಂದ ಎದ್ದು ಮುಂದಕ್ಕೆ ಬರಬೇಕು. ಹೀಗೆ ಜಾಗ ಬಿಟ್ಟು ಎದ್ದು ಬಂದದ್ದಕ್ಕೆ ತೆರಬೇಕಾದ ಸುಂಕವೇ ಸಹಾಯಕ ಕ್ರಿಯಾಪದ ಎಂದು ನಾನು ತರಗತಿಯಲ್ಲಿ ಹೇಳುತ್ತೇನೆ. ಕೂತಲ್ಲೇ ಕೂತ ಕರ್ತೃವಿಗೆ ಸುಂಕವಿಲ್ಲ, ಎದ್ದು ಬಂದ ಕರ್ಮಕ್ಕೆ ಸುಂಕವುಂಟು.

ಸುಂಕ ಕಟ್ಟುವ ಕ್ರಮ ಹೀಗಿದೆ. ಮೊದಲು ಹೇಳಿಕೆಯ ವಾಕ್ಯದಲ್ಲಿ ಈಗಾಗಲೇ "ಈಸ್", "ವಾಸ್", "ಹ್ಯಾಸ್", "ಕ್ಯಾನ್", "ವಿಲ್", "ಶುಡ್" ಇವುಗಳಂತಹ ಸಹಾಯಕ ಪದವಿದೆಯೇ ಎಂದು ನೋಡಬೇಕು. ಇದ್ದರೆ ಹೊಸದೇನನ್ನೂ ತರದೆ ಅದನ್ನೇ ಕರ್ತೃವಿನ ಮುಂದಕ್ಕೆ ತಂದು ಇಡಬೇಕು: "ಶೀ ಈಸ್ ಕಾಲಿಂಗ್ ಹರ್ ಬ್ರದರ್" ಎಂಬುದು "ಹೂ ಈಸ್ ಶೀ ಕಾಲಿಂಗ್?" ಎಂದಾಗುತ್ತದೆ. ಅಂತಹ ಪದ ಇಲ್ಲದಿದ್ದರೆ ಹೊರಗಿನಿಂದ ತರಬೇಕು. ಭೂತಕಾಲವಾದರೆ "ಡಿಡ್", ವರ್ತಮಾನದಲ್ಲಿ ಅವನು, ಅವಳು, ಅದು ಎಂಬ ಏಕವಚನವಾದರೆ "ಡಸ್", ಉಳಿದೆಡೆ "ಡು". ಆಮೇಲೆ ಮುಖ್ಯ ಕ್ರಿಯಾಪದವನ್ನು ಅದರ ಮೂಲರೂಪಕ್ಕೆ ಇಳಿಸಬೇಕು, ಏಕೆಂದರೆ ಅದು ಹೊತ್ತಿದ್ದ ಕಾಲದ ಗುರುತನ್ನು "ಡಿಡ್" ತನ್ನ ಹೆಗಲಿಗೆ ತೆಗೆದುಕೊಂಡಿದೆ. ಒಂದೇ ಮೂಟೆಯನ್ನು ಇಬ್ಬರು ಹಮಾಲರು ಎರಡು ಸಲ ಹೊರುವುದಿಲ್ಲ. ಆದ್ದರಿಂದ "ಹೂ ಡಿಡ್ ಕೃಷ್ಣದೇವರಾಯ ಡಿಫೀಟ್?" ಎಂಬುದು ಸರಿ, ಕೊನೆಯಲ್ಲಿ "ಡಿಫೀಟೆಡ್" ಎನ್ನುವುದು ತಪ್ಪು. 'ನಿಮ್ಮ ತಂದೆ ಏನು ಬೆಳೆಯುತ್ತಾರೆ?' ಎಂಬುದಕ್ಕೆ "ವಾಟ್ ಡಸ್ ಯುವರ್ ಫಾದರ್ ಗ್ರೋ?" ಎನ್ನಬೇಕು, "ಗ್ರೋಸ್" ಎಂದರೆ ಏಕವಚನದ ಗುರುತು ಎರಡು ಕಡೆ ಬಿದ್ದಂತಾಗುತ್ತದೆ. ನಾನು ತಿದ್ದುವ ಉತ್ತರಪತ್ರಿಕೆಗಳಲ್ಲಿ ಉಳಿದೆಲ್ಲ ತಪ್ಪುಗಳಿಗಿಂತ ಈ ಇಮ್ಮಡಿ ಹೊರೆಯ ತಪ್ಪೇ ಹೆಚ್ಚು.

ಇಂಗ್ಲಿಷಿನಲ್ಲಿ ಈ ಸುಂಕ ಆದಿಯಿಂದಲೂ ಇದ್ದದ್ದಲ್ಲ ಎಂಬುದು ಕುತೂಹಲದ ಸಂಗತಿ. ರಾಯಚೂರಿನಲ್ಲಿ ಆ ಯುದ್ಧ ನಡೆದ ಕಾಲದಲ್ಲಿ ಇಂಗ್ಲೆಂಡಿನ ಜನ ಬಹುಮಟ್ಟಿಗೆ ಮುಖ್ಯ ಕ್ರಿಯಾಪದವನ್ನೇ ಕರ್ತೃವಿನ ಮುಂದಕ್ಕೆ ಎಳೆದು "ವಾಟ್ ಸಾ ಹಿ?" ಎಂಬ ಧಾಟಿಯಲ್ಲಿ ಕೇಳುತ್ತಿದ್ದರು. "ಡಿಡ್" ಬಳಸುವ ರೂಢಿ ಆಗ ಬೆಳೆಯುತ್ತಿತ್ತು. ಮುಂದಿನ ಎರಡು ಶತಮಾನಗಳಲ್ಲಿ ಅದು ನಿಯಮವಾಗಿ ನೆಲೆಗೊಂಡಿತು. ಕರ್ತೃಪ್ರಶ್ನೆಗೆ ಮಾತ್ರ ಅಂದೂ ಸುಂಕವಿರಲಿಲ್ಲ, ಇಂದೂ ಇಲ್ಲ.

'ಏನು' ಎಂಬ ಪದ ಮುಚ್ಚಿಡುವ ವಿಭಕ್ತಿ

ಎರಡನೆಯ ಹೆಜ್ಜೆಯಲ್ಲಿ ಹೇಳಿದ ಉಪಾಯ ಜನರ ವಿಷಯದಲ್ಲಿ ಚೆನ್ನಾಗಿ ನಡೆಯುತ್ತದೆ. ವಸ್ತುಗಳ ವಿಷಯಕ್ಕೆ ಬಂದಾಗ ಕನ್ನಡವೇ ನಮ್ಮ ಕೈ ಬಿಡುತ್ತದೆ, ಏಕೆಂದರೆ ಮಾತಿನಲ್ಲಿ ನಾವು 'ಅನ್ನು' ಪ್ರತ್ಯಯವನ್ನು ನುಂಗಿಬಿಡುತ್ತೇವೆ. 'ಏನು ಬಿತ್ತು?' ಎನ್ನುತ್ತೇವೆ, 'ಏನು ತಂದೆ?' ಎಂದೂ ಎನ್ನುತ್ತೇವೆ. ಎರಡರಲ್ಲೂ 'ಏನು' ಒಂದೇ. ಆದರೆ ಮೊದಲನೆಯದರಲ್ಲಿ ಅದು ಕರ್ತೃ, ಎರಡನೆಯದರಲ್ಲಿ ಕರ್ಮ. ಇಲ್ಲಿ ಅನುಮಾನ ಬಂದಾಗ, ನುಂಗಿದ ಪ್ರತ್ಯಯವನ್ನು ಮತ್ತೆ ಹೊರಗೆ ತೆಗೆದು ಹಚ್ಚಿ ನೋಡಬೇಕು. 'ಏನನ್ನು ತಂದೆ?' ಎಂಬುದು ನಿಲ್ಲುತ್ತದೆ, 'ಏನನ್ನು ಬಿತ್ತು?' ಎಂಬುದು ನಿಲ್ಲುವುದಿಲ್ಲ. ಪ್ರತ್ಯಯ ಅಂಟಿದರೆ ಸುಂಕ ಕಟ್ಟಿ "ವಾಟ್ ಡಿಡ್ ಯು ಬ್ರಿಂಗ್?" ಎನ್ನಿರಿ, ಅಂಟದಿದ್ದರೆ ಸುಮ್ಮನೆ "ವಾಟ್ ಫೆಲ್?" ಎನ್ನಿರಿ.

ತುಂಗಭದ್ರಾ ಎಡದಂಡೆ ಕಾಲುವೆಯ ಉದಾಹರಣೆಯನ್ನು ನೋಡೋಣ. ಗಂಗಾವತಿ, ಕಾರಟಗಿ, ಸಿಂಧನೂರು ಭಾಗದ ಗದ್ದೆಗಳಿಗೆ ನೀರುಣಿಸುವುದು ಇದೇ. "ದಿ ಕೆನಾಲ್ ಇರಿಗೇಟ್ಸ್ ದೀಸ್ ಫೀಲ್ಡ್ಸ್" ಎಂಬ ವಾಕ್ಯದಲ್ಲಿ ಕಾಲುವೆಯೂ ಗದ್ದೆಯೂ ನಿರ್ಜೀವವಾದ್ದರಿಂದ ಎರಡನ್ನೂ "ವಾಟ್" ಎಂದೇ ಕೇಳಬೇಕು. "ವಾಟ್ ಇರಿಗೇಟ್ಸ್ ದೀಸ್ ಫೀಲ್ಡ್ಸ್?" ಎಂದು ಕೇಳಿದರೆ ಉತ್ತರ ಕಾಲುವೆ, "ವಾಟ್ ಡಸ್ ದಿ ಕೆನಾಲ್ ಇರಿಗೇಟ್?" ಎಂದು ಕೇಳಿದರೆ ಉತ್ತರ ಗದ್ದೆ. ಪ್ರಶ್ನೆಯ ಪದ ಎರಡರಲ್ಲೂ ಒಂದೇ ಆಗಿರುವಾಗ ಅರ್ಥವನ್ನು ಬೇರ್ಪಡಿಸುವುದು "ಡಸ್" ಇದೆಯೋ ಇಲ್ಲವೋ ಎಂಬುದು ಮತ್ತು ಪದಗಳ ಜಾಗ, ಇವೆರಡೇ.

'ಯಾವ', 'ಎಷ್ಟು', 'ಯಾರ' ಎಂಬ ಪದಗಳಿಗೂ ಇದೇ ಪರೀಕ್ಷೆ ಸಾಕು. ಆದರೆ ಅವು ತಮ್ಮ ಜೊತೆಗೆ ಒಂದು ನಾಮಪದವನ್ನು ಕಟ್ಟಿಕೊಂಡು ಬರುವುದರಿಂದ ಇಡೀ ಗಂಟನ್ನು ಒಂದೇ ಎಂದು ಎಣಿಸಬೇಕು. 'ಯಾವ ಬಸ್ಸು ಗಂಗಾವತಿಗೆ ಹೋಗುತ್ತದೆ?' ಎಂಬಲ್ಲಿ ಬಸ್ಸು ತಾನೇ ಹೋಗುತ್ತದೆ, ಆದ್ದರಿಂದ "ವಿಚ್ ಬಸ್ ಗೋಸ್ ಟು ಗಂಗಾವತಿ?". 'ನೀವು ಯಾವ ಬಸ್ಸು ಹತ್ತಿದಿರಿ?' ಎಂಬಲ್ಲಿ 'ಬಸ್ಸನ್ನು' ಎಂದು ಪ್ರತ್ಯಯ ಅಂಟುತ್ತದೆ, ಆದ್ದರಿಂದ "ವಿಚ್ ಬಸ್ ಡಿಡ್ ಯು ಟೇಕ್?". ಅದೇ ರೀತಿ "ಹೌ ಮೆನಿ ಪೀಪಲ್ ವರ್ಕ್ ಇನ್ ದಿಸ್ ರೈಸ್ ಮಿಲ್?" ಎಂಬುದು ಕರ್ತೃಪ್ರಶ್ನೆ, "ಹೌ ಮೆನಿ ಬ್ಯಾಗ್ಸ್ ಡಿಡ್ ಯು ಸೆಲ್?" ಎಂಬುದು ಕರ್ಮಪ್ರಶ್ನೆ, "ಹೂಸ್ ಬುಲಕ್ಸ್ ಏಟ್ ದಿ ಕ್ರಾಪ್?" ಎಂದರೆ ಬೆಳೆ ಮೇಯ್ದ ಎತ್ತು ಯಾರವು, "ಹೂಸ್ ಬುಲಕ್ಸ್ ಡಿಡ್ ಯು ಹೈರ್?" ಎಂದರೆ ನೀವು ಬಾಡಿಗೆಗೆ ತಂದ ಎತ್ತು ಯಾರವು.

'ಎಲ್ಲಿ', 'ಯಾವಾಗ', 'ಏಕೆ', 'ಹೇಗೆ' ಎಂಬ ಪ್ರಶ್ನೆಗಳ ವಿಷಯದಲ್ಲಿ ಯೋಚನೆಯೇ ಬೇಡ. ಸ್ಥಳವೂ ಕಾಲವೂ ಕಾರಣವೂ ರೀತಿಯೂ ಕರ್ತೃವಿನ ಜಾಗದಲ್ಲಿ ಕೂರುವುದಿಲ್ಲವಾದ್ದರಿಂದ ಅಲ್ಲಿ ಯಾವಾಗಲೂ ಸಹಾಯಕ ಪದ ಬೇಕು.

'ಯಾರಿಗೆ' ಎಂಬ ಮೋಸದ ತಿರುವು

ಕನ್ನಡದ ವಿಭಕ್ತಿಯನ್ನು ನಂಬಿ ನಡೆಯುವವರು ಎಚ್ಚರದಿಂದಿರಬೇಕಾದ ಜಾಗವೊಂದಿದೆ, ಮತ್ತು ಇದನ್ನು ನಾನು ಉಳಿದೆಲ್ಲಕ್ಕಿಂತ ನಿಧಾನವಾಗಿ ಕಲಿಸುತ್ತೇನೆ. 'ದುಡ್ಡನ್ನು ಯಾರಿಗೆ ಕೊಟ್ಟೆ?' ಎಂಬಲ್ಲಿ 'ಯಾರಿಗೆ' ಎಂಬುದು ಕರ್ತೃವಲ್ಲ, ಕೊಟ್ಟವನು ನೀನು. ಆದ್ದರಿಂದ ಸುಂಕ ಕಟ್ಟಿ "ಹೂ ಡಿಡ್ ಯು ಗಿವ್ ದಿ ಮನಿ ಟು?" ಎನ್ನಬೇಕು. 'ಇಗೆ' ಎಂಬ ಪ್ರತ್ಯಯದ ಕೆಲಸ ಮಾಡುವ "ಟು" ಎಂಬ ಪುಟ್ಟ ಪದ ವಾಕ್ಯದ ಬಾಲದಲ್ಲೇ ಉಳಿಯುತ್ತದೆ ಎಂಬುದನ್ನೂ ಮರೆಯಬಾರದು. ಕನ್ನಡದಲ್ಲಿ ಪ್ರತ್ಯಯ ಪದಕ್ಕೆ ಅಂಟಿಕೊಂಡೇ ಇರುವುದರಿಂದ ಅದನ್ನು ಹಿಂದೆ ಬಿಟ್ಟುಬರುವ ಅಭ್ಯಾಸ ನಮಗಿಲ್ಲ, ಹಾಗಾಗಿ "ಹೂ ಡಿಡ್ ಯು ಗೋ?" ಎಂದು ನಿಲ್ಲಿಸಿ, 'ಯಾರ ಜೊತೆ' ಎಂಬುದರ "ವಿತ್" ಅನ್ನು ಕೈಬಿಡುವುದು ಸಾಮಾನ್ಯ.

ಈಗ ಈ ಪ್ರಶ್ನೆಗಳನ್ನು ನೋಡಿರಿ: 'ಯಾರಿಗೆ ಜ್ವರ ಬಂದಿದೆ?', 'ಯಾರಿಗೆ ಹಸಿವಾಗಿದೆ?', 'ಯಾರಿಗೆ ಈಜು ಬರುತ್ತದೆ?', 'ಯಾರಿಗೆ ಚಹಾ ಬೇಕು?'. ಇವುಗಳಲ್ಲೂ 'ಯಾರಿಗೆ' ಎಂದೇ ಇದೆ. ಆದರೆ ಜ್ವರವನ್ನು, ಹಸಿವನ್ನು, ಬಲ್ಲತನವನ್ನು, ಬೇಕು ಎಂಬ ಬಯಕೆಯನ್ನು ಕನ್ನಡವು ಮನುಷ್ಯನ ಬಳಿಗೆ ಬರುವ ಸಂಗತಿಗಳಂತೆ ಕಾಣುತ್ತದೆ. ಇಂಗ್ಲಿಷ್ ಅವೆಲ್ಲವನ್ನೂ ಮನುಷ್ಯನ ಸ್ವತ್ತು ಅಥವಾ ಕೆಲಸದಂತೆ ಕಾಣುತ್ತದೆ. ಆದ್ದರಿಂದ ನಮ್ಮ ಚತುರ್ಥೀ ವಿಭಕ್ತಿಯ ಮನುಷ್ಯ ಅಲ್ಲಿ ನೇರವಾಗಿ ಕರ್ತೃವಿನ ಗದ್ದುಗೆ ಏರುತ್ತಾನೆ: "ಹೂ ಹ್ಯಾಸ್ ಎ ಫೀವರ್?", "ಹೂ ಈಸ್ ಹಂಗ್ರಿ?", "ಹೂ ಕ್ಯಾನ್ ಸ್ವಿಮ್?", "ಹೂ ವಾಂಟ್ಸ್ ಟೀ?". ಇಲ್ಲೆಲ್ಲ "ಡಸ್" ಹಾಕಿದರೆ ತಪ್ಪು. 'ಯಾರ ಹತ್ತಿರ ರೊಕ್ಕ ಐತಿ?' ಎಂಬ ನಮ್ಮ ಕಡೆಯ ಮಾತೂ ಇದೇ ಜಾತಿಯದು: "ಹೂ ಹ್ಯಾಸ್ ಮನಿ?". ಹೀಗಾಗಿ 'ಯಾರಿಗೆ' ಎಂದು ಕಂಡ ಕೂಡಲೇ ಮೊದಲನೆಯ ಹೆಜ್ಜೆಗೆ ಹಿಂತಿರುಗಿ, ಉತ್ತರವನ್ನು ಇಂಗ್ಲಿಷಿನಲ್ಲಿ ಬರೆದು ನೋಡುವುದೇ ಕ್ಷೇಮ. "ಬಸಮ್ಮ ವಾಂಟ್ಸ್ ಟೀ" ಎಂದು ಬರೆದಾಗ ಬಸಮ್ಮ ಕ್ರಿಯಾಪದದ ಎಡಕ್ಕೆ ಕೂತಿರುವುದು ಕಣ್ಣಿಗೇ ಕಾಣುತ್ತದೆ.

ಕೆಲವು ಬಿಡಿ ಮಾತುಗಳು

ನಿಷೇಧದ ಪ್ರಶ್ನೆಯಲ್ಲಿ ಕರ್ತೃವನ್ನು ಕೇಳಿದರೂ "ಡಿಡ್" ಬರುತ್ತದೆ: "ಹೂ ಡಿಡಂಟ್ ಕಮ್?". ಇದು ಪ್ರಶ್ನೆಯ ಸುಂಕವಲ್ಲ, "ನಾಟ್" ಎಂಬುದು ತನ್ನ ಜೊತೆಗೆ ಕರೆತಂದ ಆಳು. 'ಬರಲಿಲ್ಲ' ಎಂಬ ಹೇಳಿಕೆಯಲ್ಲೂ ಅದು ಇದ್ದೇ ಇರುತ್ತದೆ.

ಕರ್ಮಪ್ರಶ್ನೆಗೆ "ಹೂಮ್" ಬಳಸಬೇಕೆಂದು ಹಳೆಯ ವ್ಯಾಕರಣಗಳು ಹೇಳುತ್ತವೆ. ಅರ್ಜಿಯಲ್ಲಿ, ಪರೀಕ್ಷೆಯಲ್ಲಿ ಅದನ್ನು ಬರೆದರೆ ಶೋಭೆ. ಆದರೆ ಮಾತಿನಲ್ಲಿ ಇಂಗ್ಲಿಷಿನವರೇ ಅದನ್ನು ಬಹುಮಟ್ಟಿಗೆ ಬಿಟ್ಟಿರುವಾಗ ನಾವು ಹಟ ಹಿಡಿಯಬೇಕಾಗಿಲ್ಲ. "ಟು", "ವಿತ್" ಮೊದಲಾದವು ಮುಂದೆಯೇ ಬಂದಾಗ ಮಾತ್ರ, "ಟು ಹೂಮ್" ಎಂಬಂತೆ, ಅದು ಅನಿವಾರ್ಯ.

ಒಂದು ಪ್ರಶ್ನೆ ಇನ್ನೊಂದು ವಾಕ್ಯದ ಹೊಟ್ಟೆಯೊಳಗೆ ಸೇರಿದಾಗ ಸುಂಕ ರದ್ದಾಗುತ್ತದೆ. "ವೇರ್ ಡಸ್ ದಿ ಬಸ್ ಸ್ಟಾಪ್?" ಎಂಬುದು ಸ್ವತಂತ್ರವಾದ ಪ್ರಶ್ನೆ, ಅದನ್ನೇ ವಿನಯದಿಂದ ಕೇಳುವಾಗ "ಪ್ಲೀಸ್ ಟೆಲ್ ಮಿ ವೇರ್ ದಿ ಬಸ್ ಸ್ಟಾಪ್ಸ್" ಎನ್ನಬೇಕು. ಸಂದರ್ಶನಗಳಲ್ಲಿ ವಿನಯ ತೋರಿಸಲು ಹೋಗಿ ಮುಗ್ಗರಿಸುವುದು ಹೆಚ್ಚಾಗಿ ಇಲ್ಲಿಯೇ.

ಕೈಪಳಗಿಸಲು ಒಂದು ವಾಕ್ಯ

ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರ್ ಅಶೋಕನ ಶಾಸನವೊಂದನ್ನು ಕಂಡರು. 'ದೇವಾನಾಂಪ್ರಿಯ' ಎಂಬ ಬಿರುದಿನ ಜೊತೆಗೆ ಅಶೋಕನ ಹೆಸರೂ ಅದರಲ್ಲಿ ಇದ್ದುದರಿಂದ ಆ ಬಿರುದಿನ ದೊರೆ ಯಾರೆಂಬುದು ಖಚಿತವಾಯಿತು. ಈ ಸಂಗತಿಯನ್ನು "ಬೀಡನ್ ಫೌಂಡ್ ಎನ್ ಇನ್‌ಸ್ಕ್ರಿಪ್ಷನ್ ಅಟ್ ಮಸ್ಕಿ ಇನ್ 1915" ಎಂದು ಬರೆದುಕೊಂಡು, ಒಂದೊಂದು ತುಂಡಿನ ಕೆಳಗೂ ಗೆರೆ ಎಳೆದು ನಾಲ್ಕು ಪ್ರಶ್ನೆ ಮಾಡಿರಿ. ಬರೆದಾದ ಮೇಲೆ ಮುಂದೆ ಓದಿರಿ.

ಕಂಡವರು ಯಾರು ಎಂಬುದಕ್ಕೆ "ಹೂ ಫೌಂಡ್ ಎನ್ ಇನ್‌ಸ್ಕ್ರಿಪ್ಷನ್ ಅಟ್ ಮಸ್ಕಿ?". ಕಂಡದ್ದು ಏನನ್ನು ಎಂಬುದಕ್ಕೆ "ವಾಟ್ ಡಿಡ್ ಬೀಡನ್ ಫೈಂಡ್ ಅಟ್ ಮಸ್ಕಿ?", ಇಲ್ಲಿ "ಫೌಂಡ್" ಎಂಬುದು "ಫೈಂಡ್" ಆಗಿ ಇಳಿದಿರುವುದನ್ನು ಗಮನಿಸಿರಿ. ಎಲ್ಲಿ ಎಂಬುದಕ್ಕೆ "ವೇರ್ ಡಿಡ್ ಬೀಡನ್ ಫೈಂಡ್ ದಿ ಇನ್‌ಸ್ಕ್ರಿಪ್ಷನ್?", ಯಾವಾಗ ಎಂಬುದಕ್ಕೆ "ವೆನ್ ಡಿಡ್ ಹಿ ಫೈಂಡ್ ಇಟ್?".

ಇದು ಸಲೀಸಾದವರು ಇನ್ನೊಂದಕ್ಕೆ ಕೈ ಹಾಕಬಹುದು. ಕೊಪ್ಪಳ ಜಿಲ್ಲೆಯ ಇಟಗಿಯ ಮಹಾದೇವ ದೇವಾಲಯವನ್ನು 1112ರಲ್ಲಿ ಕಟ್ಟಿಸಿದವನು ಕಲ್ಯಾಣದ ಚಾಲುಕ್ಯರ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ. ಕನ್ನಡದಲ್ಲಿ 'ಕಟ್ಟಿದ', 'ಕಟ್ಟಿಸಿದ' ಎಂಬ ಭೇದವಿದ್ದರೂ ಇಂಗ್ಲಿಷಿನಲ್ಲಿ ಕಟ್ಟಿಸಿದವನನ್ನೂ "ಹೂ ಬಿಲ್ಟ್ ದಿಸ್ ಟೆಂಪಲ್?" ಎಂದೇ ಕೇಳುತ್ತಾರೆ. 'ದೇವಾಲಯ ಕಟ್ಟಿದ್ದು ಯಾವಾಗ?' ಎಂದು ದೇವಾಲಯವನ್ನೇ ಮುಂದಿಟ್ಟುಕೊಂಡು ಕೇಳಿದರೆ ಅದು "ವೆನ್ ವಾಸ್ ದಿಸ್ ಟೆಂಪಲ್ ಬಿಲ್ಟ್?" ಆಗುತ್ತದೆ. ಇಲ್ಲಿ "ಡಿಡ್" ಏಕೆ ಬರಲಿಲ್ಲವೆಂದರೆ, "ದಿಸ್ ಟೆಂಪಲ್ ವಾಸ್ ಬಿಲ್ಟ್ ಇನ್ 1112" ಎಂಬ ಹೇಳಿಕೆಯಲ್ಲೇ "ವಾಸ್" ಇರುವುದರಿಂದ ಸುಂಕದ ಹಣ ಮೊದಲೇ ಕೈಯಲ್ಲಿತ್ತು.